ಔರಂಗಾಬಾದಿನ ಕೊಂಡಿ, ಅಕ್ಕನ ರಕ್ತ

“ಕಂಟೇನರ್ ಅಂದ್ರ ಏನೋ ತಮ್ಮಾ? ರೈಲಿನ ಮ್ಯಾಲ ಹೇರ್ಕೊಂಡು ಹೋಗ್ತಾರಲ್ಲ, ಆ ದೊಡ್ಡ ಡಬ್ಬೀ ಏನು?”

ಅಕ್ಕ ಹೀಗೆ ಕೇಳಿದ್ದು ನಾಸಿಕ್‌ನ ನಮ್ಮ ಆಸ್ಪತ್ರೆಯಲ್ಲಿ, ಹೆಂಗಸರ ವಾರ್ಡಿನ ಕಿಟಕಿ ಬದಿಯ ಮಂಚದ ಮೇಲೆ ಮಲಗಿಕೊಂಡು. ಅದೇ ವಾರ್ಡಿಗೆ ಆಕೆ ವರ್ಷಗಟ್ಟಲೆ ಹೆಡ್ ಸಿಸ್ಟರ್ ಆಗಿದ್ದವಳು. ತಾನು ಬೈದು ಬೈದು ನೇರ ಹಾಸಿಸುತ್ತಿದ್ದ ಚಾದರದ ಮೇಲೆ ಈಗ ತಾನೇ ಮಲಗಿದ್ದಳು. ಅದರ ಮೂಲೆ ಸರಿಯಾಗಿ ಮಡಚಿಲ್ಲ ಎಂದು ಮಲಗಿದಲ್ಲಿಂದಲೇ ಬೈಯುತ್ತಿದ್ದಳು.

ಒಡಹುಟ್ಟಿದ ಅಕ್ಕನಲ್ಲ. ಆಕೆ ಆಳಂದದವಳು, ನಾನು ಭಾಲ್ಕಿಯವನು. ನಾನು ಈ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದ ಹೊಸತರಲ್ಲಿ, ಕಾಗದ ಸಿಕ್ಕಿಹಾಕಿಕೊಂಡ ಪ್ರಿಂಟರಿಗೆ ಕನ್ನಡದಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಸುತ್ತ ಎಲ್ಲರೂ ಮರಾಠಿಯವರು, ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಹಿಂದಿನಿಂದ ಒಂದು ದನಿ ಬಂತು. “ಯಾ ಊರೋ ನಿಂದು? ಇಷ್ಟು ಚಂದ ಬೈತಿ ಅಂದ್ರ ನಮ್ಮ ಕಡ್ಯಾವನೇ ಇರಬೇಕು.” ಅಂದಿನಿಂದ ಆಕೆ ನನಗೆ ಅಕ್ಕ, ನಾನು ಆಕೆಗೆ ತಮ್ಮ. ನಾಸಿಕ್ ರೋಡಿನ ಆಕೆಯ ಮನೆಯಲ್ಲಿ ನಾನು ತಿಂದ ಜೋಳದ ರೊಟ್ಟಿ, ಪುಂಡಿ ಪಲ್ಯಕ್ಕೆ ಲೆಕ್ಕವಿಲ್ಲ.

ಆಕೆಯ ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು. ಕ್ಯಾನ್ಸರ್ ಅಲ್ಲ, ತೆಗೆದರೆ ಮುಗಿಯಿತು ಎಂದು ದೊಡ್ಡ ಡಾಕ್ಟರು ಹೇಳಿದ್ದರು. ಆದರೆ ಒಂದೇ ಸವನೆ ರಕ್ತ ಹೋಗಿ ಹೋಗಿ ಮೈ ಬಿಳಿಚಿಕೊಂಡಿತ್ತು. ರಕ್ತ ಏರಿಸದೆ ಆಪರೇಶನ್ ಮಾಡುವಂತಿರಲಿಲ್ಲ. ಏರಿಸೋಣವೆಂದು ನೋಡಿದರೆ ಫ್ರಿಜ್ಜಿನಲ್ಲಿದ್ದ ಒಂದು ಚೀಲವೂ ಹೊಂದಲಿಲ್ಲ. ಎಲ್ಲ ಗುಂಪಿನವರಿಗೂ ನಡೆಯುತ್ತದೆ ಎನ್ನುವ ಓ ಗುಂಪಿನದೂ ಹೊಂದಲಿಲ್ಲ. ಲ್ಯಾಬಿನ ಡಾಕ್ಟರಮ್ಮ ಇನ್ನೊಂದು ಪರೀಕ್ಷೆ ಮಾಡಿ, ಇದು ಬಾಂಬೆ ಗುಂಪು ಎಂದರು. ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುವ, ಆದರೆ ತನ್ನಂಥದೇ ರಕ್ತವನ್ನು ಬಿಟ್ಟು ಬೇರೆ ಯಾವುದನ್ನೂ ಒಪ್ಪದ ಅಪರೂಪದ ಗುಂಪು ಅದು. ಊರಿನಿಂದ ಆಕೆಯ ಅಣ್ಣ ಬಂದು ಪರೀಕ್ಷೆ ಮಾಡಿಸಿಕೊಂಡ, ಅವನದು ಹೊಂದಲಿಲ್ಲ. ಮುಂಬಯಿಯಿಂದ ಒಂದು ಚೀಲ ಬಂತು, ಏರಿಸಿದ್ದಾಯಿತು, ಸಾಲಲಿಲ್ಲ. ಅಲ್ಲಿ ಗೊತ್ತಿದ್ದ ಉಳಿದ ದಾನಿಗಳಲ್ಲಿ ಒಬ್ಬರು ಇತ್ತೀಚೆಗಷ್ಟೇ ಕೊಟ್ಟಿದ್ದರು, ಇನ್ನೊಬ್ಬರು ದೇಶದಲ್ಲೇ ಇರಲಿಲ್ಲ.

ಆಗ ಡಾಕ್ಟರಮ್ಮ ನನ್ನನ್ನು ಕರೆದು ಒಂದು ಮಾತು ಹೇಳಿದರು. ನಮ್ಮ ಆಸ್ಪತ್ರೆ ನಡೆಸುವ ಟ್ರಸ್ಟಿನ ಬ್ಲಡ್ ಬ್ಯಾಂಕ್ ಔರಂಗಾಬಾದಿನಲ್ಲಿತ್ತು. ಈಗ ಊರಿನ ಹೆಸರು ಛತ್ರಪತಿ ಸಂಭಾಜಿನಗರ, ಆಗ ನಮ್ಮ ಬಾಯಲ್ಲಿ ಔರಂಗಾಬಾದ್. ರಕ್ತ ಕೊಟ್ಟವರ ವಿವರವೆಲ್ಲ ಅಲ್ಲಿನ ಡೇಟಾಬೇಸಿನಲ್ಲಿತ್ತು. ಅಲ್ಲಿಂದ ಬಂದ ಚೀಲ ಯಾವ ರೋಗಿಗೆ ಹೊಂದಿತು, ಯಾರಿಗೆ ಹೊಂದಲಿಲ್ಲ ಎಂಬುದು ನಾಸಿಕ್ ಲ್ಯಾಬಿನ ಡೇಟಾಬೇಸಿನಲ್ಲಿತ್ತು. “ಓ ಎಂದು ಚೀಟಿ ಅಂಟಿಸಿಕೊಂಡು ಬಂದು, ಒಳಗಿನ ಪ್ಲಾಸ್ಮಾ ಯಾವ ರೋಗಿಯ ರಕ್ತದೊಂದಿಗೂ ಹೊಂದದೆ ಚೆಲ್ಲಿಹೋದ ಚೀಲಗಳು ಹಿಂದೆ ಇದ್ದಿರಬಹುದು. ಆಗ ಯಾರೂ ಯಾಕೆ ಎಂದು ಕೇಳಿರಲಿಕ್ಕಿಲ್ಲ. ಅಂಥ ಚೀಲ ಸಿಕ್ಕರೆ ಅದನ್ನು ಕೊಟ್ಟವರು ಬಾಂಬೆ ಗುಂಪಿನವರೇ ಇರಬಹುದು.” ಎರಡೂ ಡೇಟಾಬೇಸುಗಳನ್ನು ಚೀಲದ ನಂಬರಿನ ಮೇಲೆ ಕೂಡಿಸಿ ಹುಡುಕಬೇಕಿತ್ತು. ಅಕ್ಕನ ಜೀವ ಆ ಹುಡುಕಾಟಕ್ಕೆ ಜೋತುಬಿದ್ದಿತ್ತು.

ಇದೇನು ಮಹಾ ಎಂದುಕೊಂಡು ಮರುದಿನವೇ ಬಸ್ಸು ಹತ್ತಿದೆ. ಯೇವಲಾ, ವೈಜಾಪುರ ದಾಟಿ ಔರಂಗಾಬಾದ್ ಮುಟ್ಟುವ ಹೊತ್ತಿಗೆ ಸೊಂಟ ಕಳಚಿ ಕೈಗೆ ಬಂದಿತ್ತು.

ಅಲ್ಲಿನ ಬ್ಲಡ್ ಬ್ಯಾಂಕಿನ ಮುಖ್ಯಸ್ಥರು ಚಿಂಚೋಳಿ ಕಡೆಯವರು. ಕೇಂದ್ರ ಸರಕಾರದ ಪ್ರಯೋಗಾಲಯವೊಂದರಲ್ಲಿ ವರ್ಗವಾಗುತ್ತ ವರ್ಗವಾಗುತ್ತ ಕಡೆಗೆ ಈ ಊರಲ್ಲೇ ನಿವೃತ್ತರಾಗಿ ಟ್ರಸ್ಟಿಗೆ ಸೇರಿದ್ದರು. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಲ್ಲರೂ ಸಾಹೇಬರೆಂದೇ ಕರೆಯುತ್ತಿದ್ದರು. ನಾನು ಕನ್ನಡದಲ್ಲಿ ನಮಸ್ಕಾರ ಎಂದ ಕೂಡಲೇ ಮುಖ ಅರಳಿತು, ಚಹಾ ಬಂತು. ಜೇಬಿನಿಂದ ಪೆನ್‌ಡ್ರೈವ್ ತೆಗೆದ ಕೂಡಲೇ ಅದೇ ಮುಖ ಮುಚ್ಚಿಕೊಂಡಿತು.

“ಅದನ್ನ ಒಳಗ ಇಡ್ರಿ.”

“ಪೂರ್ತಿ ಬ್ಯಾಡ್ರಿ ಸಾಹೇಬ್ರ, ದಾನಿಗಳ ಒಂದು ಕಾಪಿ ಕೊಡ್ರಿ ಸಾಕು. ಸಂಜೀತನಕ ಹುಡುಕಿ ಬಿಡ್ತೀನಿ.”

“ಹಿಂದ ಒಬ್ರು ಹಿಂಗ ಕಾಪಿ ಒಯ್ದಿದ್ರು. ಅದರಾಗಿದ್ದ ಒಬ್ಬ ಹುಡುಗನ ರಕ್ತದ ರಿಪೋರ್ಟ್ ಅವನ ಬೀಗರ ಕಿವಿಗಿ ಬಿತ್ತು. ನಿಶ್ಚಯ ಆಗಿದ್ದ ಲಗ್ನ ಮುರೀತು. ಆ ಹುಡುಗನ ತಾಯಿ ಬಂದು ಇದೇ ಕುರ್ಚಿ ಮ್ಯಾಲ ಕೂತು ಅತ್ತು ಹೋಗ್ಯಾಳ. ನಿಮ್ಮ ಹೆಸರು ಈ ಕಟ್ಟಡ ಬಿಟ್ಟು ಹ್ವಾರಗ ಹೋಗಂಗಿಲ್ಲ ಅಂತ ಮಾತು ಕೊಟ್ಟು ರಕ್ತ ತೊಗೋತೀವಿ ನಾವು. ತಿಳೀತೇನ್ರಿ?”

“ಒಬ್ಬಾಕಿ ಜೀವದ ಪ್ರಶ್ನೆ ಅದರಿ!”

“ಹಂಗಂತ ಮಾತು ಮುರೀಲಿ ಅಂತೀರೇನು?”

ನನಗೆ ಮೈಯೆಲ್ಲ ಉರಿಯಿತು. ಸಾಯುವವರು ಸಾಯಲಿ, ನಿಮ್ಮ ಮಾತು ಬದುಕಲಿ ಎಂದು ಬಾಯ ತುದಿಗೆ ಬಂದಿತ್ತು. ನುಂಗಿಕೊಂಡು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆ. ಸಿಟ್ಟು ಇಳಿದ ಮೇಲೆ ಅವರು ಹೇಳಿದ್ದು ಸರಿಯೆನಿಸಿತು. ಹೆಸರು ಹೊರಗೆ ಹೋಗುವುದಿಲ್ಲವೆಂದು ನಂಬಿಯೇ ಅಲ್ಲವೇ ಜನ ತೋಳು ಚಾಚುತ್ತಿದ್ದದ್ದು? ಡೇಟಾ ಹೊರಗೆ ಬರುವುದಿಲ್ಲವೆಂದರೆ ಪ್ರಶ್ನೆಯೇ ಒಳಗೆ ಹೋಗಬೇಕು. ಅಲ್ಲೇ ನಿಂತು ಆ ನಿರ್ಧಾರ ಮಾಡಿದೆ.

ಆ ಕಾಲಕ್ಕೆ ಹೊಸದಾಗಿ ಒಂದು ಪದ್ಧತಿ ಬಂದಿತ್ತು. ಖಾಸಗಿ ಡೇಟಾಬೇಸ್ ಇರುವ ಕಟ್ಟಡದೊಳಗೇ ಒಂದು ಸಣ್ಣ ಯಂತ್ರ ಇಡುವುದು. ಅದರಲ್ಲಿ ಏಜೆಂಟ್ ಎಂಬ ಪುಟ್ಟ ಪ್ರೋಗ್ರಾಮನ್ನು ಕಂಟೇನರ್ ಒಳಗೆ ಕೂರಿಸುವುದು. ಕಂಟೇನರ್ ಎಂದರೆ ಆ ಪ್ರೋಗ್ರಾಮಿಗೆ ಬೇಕಾದದ್ದನ್ನೆಲ್ಲ ಜೊತೆಗೇ ಕಟ್ಟಿಕೊಟ್ಟು, ಯಂತ್ರದ ಉಳಿದ ಯಾವುದನ್ನೂ ಮುಟ್ಟದಂತೆ ಬೇರೆ ಇಡುವ ಕಟ್ಟು. ಆ ಏಜೆಂಟ್ ತಾನಾಗಿಯೇ ನಾಸಿಕ್ ಸರ್ವರಿಗೆ ಕರೆ ಮಾಡುತ್ತದೆ, ನಾಸಿಕ್‌ನಿಂದ ಯಾರೂ ಒಳಗೆ ಕರೆ ಮಾಡಲು ಬರುವುದಿಲ್ಲ. ಆ ಒಂದೇ ದಾರಿಯಲ್ಲಿ ಬೀಗ ಹಾಕಿದ ಪ್ರಶ್ನೆ ಬರುತ್ತದೆ, ಬೀಗ ಹಾಕಿದ ಉತ್ತರ ಹೋಗುತ್ತದೆ.

ಸಾಹೇಬರು ಕಾಗದದ ಮೇಲೆ ಚಿತ್ರ ಬರೆಸಿಕೊಂಡು ಕೇಳಿದರು.

“ಹ್ವಾರಗಿನವರು ಬಂದು ಬಾಗಿಲಾ ಬಡದ್ರ?”

“ಬಡೀಲಿಕ್ಕೆ ಬಾಗಿಲೇ ಇಲ್ರಿ. ಒಳಗಿಂದ ಇದು ಹೋದ್ರ ಹೋತು.”

“ಹೆಸರು?”

“ಕಾಣಂಗಿಲ್ರಿ. ಚೀಲದ ನಂಬರು, ಗುಂಪು, ದಾನಿ ಇನ್ನೂ ಚಾಲ್ತಿ ಅದಾರೋ ಇಲ್ಲೋ, ಇಷ್ಟ. ಅಷ್ಟರದ್ದೇ ಒಂದು ಕಿಟಕಿ ಮಾಡಿ ಕೊಡೂಣು.”

“ಬರಿಯೂ ಹಕ್ಕು?”

“ಇಲ್ರಿ. ನೋಡೂದಷ್ಟೇ. ಒಂದು ಅಕ್ಷರ ತಿದ್ದಾಕ ಬರಂಗಿಲ್ಲ.”

“ನಂಬರ್ ಸಿಕ್ಕಮ್ಯಾಲ?”

“ನಿಮಗ ಹೇಳ್ತೀನಿ. ಫೋನ್ ನೀವೇ ಮಾಡ್ರಿ. ಅವರು ಹೂಂ ಅಂದ್ರನ ನಮಗ ಹೆಸರು ಹೇಳ್ರಿ.”

ಬಹಳ ಹೊತ್ತು ಚಿತ್ರವನ್ನೇ ನೋಡಿ, “ಇದು ಬರೋಬರ್ ಅದ,” ಎಂದರು.

ಬರೋಬರ್ ಎಂದದ್ದು ಸುಲಭ, ಮಾಡುವುದು ಬೇರೆ. ಅಲ್ಲಿನ ಇಂಟರ್ನೆಟ್ ಲೈನು ಎಷ್ಟು ನಿಧಾನವೆಂದರೆ ಏಜೆಂಟಿನ ಕಟ್ಟು ಇಳಿಯುತ್ತ ಇಳಿಯುತ್ತ ಅರ್ಧಕ್ಕೆ ನಿಲ್ಲುತ್ತಿತ್ತು. ಕೊನೆಗೆ ನಾಸಿಕ್‌ನಲ್ಲಿ ಇಳಿಸಿಕೊಂಡು ಅದೇ ಪೆನ್‌ಡ್ರೈವಿನಲ್ಲಿ ಹೊತ್ತು ತಂದೆ. ಸಾಹೇಬರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಬರೂ ಮುಂದ ತುಂಬ್ಕೊಂಡು ಬಂದೀರಿ, ಹೋಗೂ ಮುಂದ ಖಾಲಿ ಮಾಡಿ ತೋರಿಸಿ ಹೋಗ್ರಿ,” ಎಂದು ಮೊದಲ ಸಲ ನಕ್ಕರು.

ಏಜೆಂಟ್ ಎದ್ದು ನಿಂತಿತು. ಆದರೆ ಡೇಟಾಬೇಸ್ ಸಿಗುತ್ತಿಲ್ಲ ಎಂದು ಒಂದೇ ಹಟ. ಪಾಸ್‌ವರ್ಡ್ ಬದಲಿಸಿದೆ, ಬಳಕೆದಾರನನ್ನು ಅಳಿಸಿ ಮತ್ತೆ ಹುಟ್ಟಿಸಿದೆ, ತಲೆ ಕೆಟ್ಟು ಹೋಯಿತು. ಕೊನೆಗೆ ನೋಡಿದರೆ ವಿಳಾಸದ ಜಾಗದಲ್ಲಿ ‘ಇದೇ ಯಂತ್ರ’ ಎನ್ನುವ ಅರ್ಥದ ಪದ ಬರೆದಿದ್ದೆ. ಕಂಟೇನರ್ ಒಳಗೆ ಕೂತ ಏಜೆಂಟಿಗೆ ‘ಇದೇ ಯಂತ್ರ’ ಎಂದರೆ ತಾನು ಕೂತ ಡಬ್ಬಿಯೇ. ಪಾಪ, ಅದು ತನ್ನ ಡಬ್ಬಿಯಲ್ಲೇ ಹುಡುಕಿ ಹುಡುಕಿ ಇಲ್ಲ ಎನ್ನುತ್ತಿತ್ತು. ಸರ್ವರಿನ ನಿಜವಾದ ವಿಳಾಸ ಬರೆದೆ. ಡೇಟಾಬೇಸಿಗೂ ಈ ಸಣ್ಣ ಯಂತ್ರ ಒಂದನ್ನೇ ಒಳಗೆ ಬಿಡು ಎಂದು ಹೇಳಿದೆ. ಸುಳ್ಳು ಹೆಸರಿನ ನಾಲ್ಕು ಸಾಲು ಹಾಕಿ ಪರೀಕ್ಷಿಸಿದಾಗ ಉತ್ತರ ನಾಸಿಕ್ ಮುಟ್ಟಿತು. ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ.

ನಾಸಿಕ್‌ಗೆ ಮರಳಿ ಹುಡುಕಾಟದ ಪರದೆಯನ್ನು ಲ್ಯಾಪ್‌ಟಾಪಿನಲ್ಲಿ ಅಕ್ಕನಿಗೆ ತೋರಿಸಿದೆ. ಇಷ್ಟು ಹೊತ್ತಿಗೆ ಆಕೆಗೆ ಎದ್ದು ಕೂರಲೂ ಒಬ್ಬರು ಹಿಡಿಯಬೇಕಿತ್ತು. ನೋಡಿ, ಕೇಳಿದಳು.

“ಆ ಕಡೆ ಲೈನ್ ಕಡದು ಹೋದ್ರ ಇದು ಏನ್ ತೋರಸ್ತದ?”

“ಏನೂ ತೋರ್ಸಂಗಿಲ್ಲ. ಖಾಲಿ ಇರ್ತದ.”

“ದಾನಿ ಸಿಗಲಿಲ್ಲ ಅಂದ್ರ?”

“ಅದೂ ಖಾಲಿನೇ.”

“ಥೂ ನಿನ್ನ!” ಎಂದಳು. ದನಿಯಲ್ಲಿ ಶಕ್ತಿ ಇರಲಿಲ್ಲ, ಆದರೂ ಹೆಡ್ ಸಿಸ್ಟರಿನ ದನಿಯೇ. “ಗೊತ್ತಿಲ್ಲ ಅನ್ನೂದು ಬ್ಯಾರೆ, ಇಲ್ಲ ಅನ್ನೂದು ಬ್ಯಾರೆ. ಎರಡೂ ಒಂದೇ ಥರ ತೋರಿಸಿದ್ರ ಪೇಷಂಟ್ ಸಾಯ್ತಾನ. ನಾಡಿ ಸಿಗಲಿಲ್ಲ ಅಂದ್ರೂ ನಾಡಿ ಇಲ್ಲ ಅಂದ್ರೂ ಒಂದೇ ಏನೋ?”

ಅಂದೇ ಕೂತು ತಿದ್ದಿದೆ. ಕೊಂಡಿ ಕಡಿದಿದ್ದರೆ ಮೇಲೆ ಕೆಂಪು ಪಟ್ಟಿ, ಕೂಡಿದ್ದರೆ ಹಸಿರು. ಹಸಿರಿದ್ದಾಗ ಖಾಲಿ ಬಂದರೆ ಮಾತ್ರ ನಿಜವಾಗಿಯೂ ಇಲ್ಲ ಎಂದರ್ಥ. ಅಕ್ಕನಿಗೆ ತೋರಿಸಿದೆ. “ಈಗ ಶಾಣ್ಯಾ ಆದಿ,” ಎಂದು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ ಮುಚ್ಚಿದ ಕಣ್ಣಲ್ಲೇ ಹೇಳಿದಳು. “ನಾನೂ ಹಿಂದ ರಕ್ತ ಕೊಟ್ಟೀನೋ. ಔರಂಗಾಬಾದ್‌ದಾಗ ಟ್ರೇನಿಂಗ್ ಮಾಡೂ ಮುಂದ. ಕ್ಯಾಂಪ್ ಹಾಕಿದ್ರು, ನಾವು ಹುಡುಗ್ಯಾರೆಲ್ಲ ಸಾಲಹಚ್ಚಿ ಕೊಟ್ಟಿದ್ವಿ. ಬಿಸ್ಕೀಟ್ ಪುಡಾ ಕೊಟ್ಟಿದ್ರು. ಯಾರಿಗಿ ಹತ್ತಿತೋ ಏನೋ.” ಅದನ್ನು ನಾನು ಹೂಂಗುಟ್ಟಿ ಕೇಳಿದೆ. ನನ್ನ ತಲೆಯಲ್ಲಿ ಮರುದಿನದ ಕೆಲಸವೇ ತುಂಬಿಕೊಂಡಿತ್ತು.

ನಿಜವಾದ ದಾನಿಗಳ ಮೇಲೆ ಆ ಕಿಟಕಿ ತೆರೆಯಲು ಟ್ರಸ್ಟಿನ ಸಮಿತಿಯ ಒಪ್ಪಿಗೆ ಬೇಕಿತ್ತು. ಸಾಹೇಬರು ಬೆನ್ನು ಹತ್ತಿ ಕೇಳುತ್ತಲೇ ಇದ್ದರು. ನವರಾತ್ರಿ ನಡೆದಿತ್ತು, ಒಬ್ಬರು ಊರಲ್ಲಿದ್ದರೆ ಇನ್ನೊಬ್ಬರಿಲ್ಲ. ಕಡೆಗೆ ಅಷ್ಟಮಿಯ ಸಂಜೆ ಒಪ್ಪಿಗೆ ಬಂತು. ನವಮಿಯ ಬೆಳಿಗ್ಗೆ ಅದನ್ನು ತೆರೆಯಲು ನಾನು ಮತ್ತೆ ಬಸ್ಸಿನಲ್ಲಿದ್ದೆ. ವೈಜಾಪುರ ದಾಟುವಾಗ ಡಾಕ್ಟರಮ್ಮನ ಫೋನು ಬಂತು. ಅಕ್ಕನಿಗೆ ಮತ್ತೆ ಜೋರಾಗಿ ರಕ್ತ ಹೋಗತೊಡಗಿದೆ, ದೊಡ್ಡ ಡಾಕ್ಟರು ನಾಳೆಗಿಂತ ಮುಂದೆ ಕಾಯಲಾರೆ ಎನ್ನುತ್ತಿದ್ದಾರೆ, ರಕ್ತ ಸಿಕ್ಕರೂ ಸರಿ ಸಿಗದಿದ್ದರೂ ಸರಿ.

ಬ್ಲಡ್ ಬ್ಯಾಂಕಿನ ಒಳಗೆ ಕಾಲಿಟ್ಟರೆ ಧೂಪದ ಹೊಗೆ. ಅಂದು ಖಂಡೇನವಮಿ ಎಂಬುದು ನನ್ನ ತಲೆಯಲ್ಲೇ ಇರಲಿಲ್ಲ. ದಾನಿಗಳ ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಆರಿಸಿ, ವೈರು ಕಳಚಿ, ಒರೆಸಿ, ಉದ್ದನೆಯ ಮೇಜಿನ ಕೆಂಪು ಬಟ್ಟೆಯ ಮೇಲೆ ಸಾಲಾಗಿ ಕೂರಿಸಿದ್ದರು. ಸರ್ವರಿಗೆ ದೊಡ್ಡ ಚೆಂಡುಹೂವಿನ ಮಾಲೆ. ಪಕ್ಕದಲ್ಲಿ ನನ್ನ ಸಣ್ಣ ಯಂತ್ರ, ಅದಕ್ಕೂ ಒಂದು ಚಿಕ್ಕ ಮಾಲೆ, ಮುಚ್ಚಳದ ಮೇಲೆ ಅರಿಶಿನ ಕುಂಕುಮ. ರಕ್ತದ ಫ್ರಿಜ್ಜಿಗೂ ಮಾಲೆ ಬಿದ್ದಿತ್ತು, ಅದೊಂದನ್ನು ಮಾತ್ರ ಆರಿಸಿರಲಿಲ್ಲ. ಕಾಯಿ ಒಡೆದಾಗಿತ್ತು. ಸಿಬ್ಬಂದಿ ಪ್ರಸಾದ ತೆಗೆದುಕೊಂಡು ಮನೆಗೆ ಹೊರಟಿದ್ದರು.

“ಬರ್ರಿ ಬರ್ರಿ, ಪೂಜಾಕ್ಕ ಬಂದ್ರಿ,” ಎಂದು ಸಾಹೇಬರು ಕೊಬ್ಬರಿ ಚೂರು ಕೈಗಿಟ್ಟರು.

ನಾನು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಸಾಹೇಬರು ಮೇಜಿನತ್ತ ನೋಡಿದರು. ಪೂಜೆಗೆ ಇಟ್ಟ ಆಯುಧವನ್ನು ದಸರೆಯ ಬೆಳಗಿನ ತನಕ ಮುಟ್ಟುವಂತಿಲ್ಲ. ಅವರ ಮನೆಯಲ್ಲಿ ಅಂದು ಚಾಕು ಹಿಡಿಯುವುದಿಲ್ಲವೆಂದು ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಡುತ್ತಾರೆಂದು ಅವರೇ ನನಗೆ ಹೇಳಿದ್ದರು. ನಮ್ಮ ಮನೆಯಲ್ಲೂ ಹಾಗೆಯೇ. ಹೊರಟಿದ್ದ ಸಿಬ್ಬಂದಿಯೊಬ್ಬರು ಬಾಗಿಲಲ್ಲಿ ನಿಂತು ಮರಾಠಿಯಲ್ಲಿ, ಸಾಹೇಬ, ನಾಳೆ ಬೆಳಿಗ್ಗೆ ಮೊದಲು ಇದನ್ನೇ ಹಚ್ಚೋಣ, ಇವತ್ತು ಬೇಡ, ಅಪಶಕುನ ಎಂದರು.

ನನಗೆ ಕೊಟ್ಟ ಕೊಬ್ಬರಿ ಕೈಯಲ್ಲೇ ಇತ್ತು.

ಸಾಹೇಬರು ಚಪ್ಪಲಿ ಬಿಟ್ಟು ಮೇಜಿನ ಮುಂದೆ ಹೋಗಿ ಕೈ ಮುಗಿದರು. “ದೇವರು ಬೈದ್ರ ನನಗ ಬೈಲಿ,” ಎಂದು ಸರ್ವರಿನ ಮಾಲೆ ತೆಗೆದು ಫ್ರಿಜ್ಜಿನ ಮೇಲಿಟ್ಟರು. “ಹಿಡೀರಿ ಆ ಕಡೆ. ಎತ್ತೂಣು.”

ಇಬ್ಬರೂ ಸೇರಿ ಸರ್ವರನ್ನು ಅದರ ಜಾಗಕ್ಕೆ ತಂದೆವು. ಒಂದೊಂದೇ ವೈರು ಸಿಕ್ಕಿಸಿದೆ. ಸಣ್ಣ ಯಂತ್ರದ ಗಾಳಿ ಕಿಂಡಿಯಲ್ಲಿ ಅಕ್ಷತೆ ಸಿಕ್ಕಿಕೊಂಡಿತ್ತು, ಊದಿ ತೆಗೆದೆ. ಎರಡೂ ಹೊತ್ತಿಕೊಂಡವು. ಏಜೆಂಟ್ ಎದ್ದಿತು, ನಾಸಿಕ್‌ಗೆ ಕರೆ ಮಾಡಿತು, ಬಿದ್ದಿತು. ಮತ್ತೆ ಎದ್ದಿತು, ಬಿದ್ದಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಕೆಂಪು ಪಟ್ಟಿ.

ನಿನ್ನೆ ತನಕ ನಡೆಯುತ್ತಿದ್ದದ್ದು! ಏಜೆಂಟಿನ ದಾಖಲೆ ತೆರೆದು ಓದಿದೆ. ನಾಸಿಕ್ ಸರ್ವರಿನ ಪ್ರಮಾಣಪತ್ರ, ಅಂದರೆ ಇದು ಅದೇ ಸರ್ವರು ಎಂದು ಸಾರುವ ಗುರುತು, ಇನ್ನೂ ಜಾರಿಗೆ ಬಂದಿಲ್ಲ ಎಂದು ಬರೆದಿತ್ತು. ಜಾರಿಗೆ ಬಂದಿಲ್ಲವೇ? ನಾನೇ ಹಾಕಿದ ಪ್ರಮಾಣಪತ್ರ ಅದು. ಆಮೇಲೆ ಸಣ್ಣ ಯಂತ್ರದ ಪರದೆಯ ಮೂಲೆಯ ತಾರೀಕಿನ ಮೇಲೆ ಕಣ್ಣು ಬಿತ್ತು. ಹಳೆಯ ಯಾವುದೋ ವರ್ಷದ ಜನವರಿ, ಆ ಪ್ರಮಾಣಪತ್ರ ಹುಟ್ಟುವುದಕ್ಕೂ ಮುಂಚಿನದು. ಆ ಯಂತ್ರದೊಳಗಿನ ಗುಂಡಿಯಷ್ಟು ಬ್ಯಾಟರಿ ಯಾವಾಗಲೋ ಸತ್ತಿತ್ತು. ವಿದ್ಯುತ್ ಇರುವ ತನಕ ಅದು ಗೊತ್ತಾಗಿರಲಿಲ್ಲ. ಪೂಜೆಗೆಂದು ವೈರು ಕಳಚಿ ಇಟ್ಟಾಗ ಯಂತ್ರ ಕಾಲವನ್ನೇ ಮರೆತುಬಿಟ್ಟಿತ್ತು.

ಸಾಹೇಬರ ಕೈಗಡಿಯಾರ ನೋಡಿ ತಾರೀಕು, ಹೊತ್ತು ಸರಿಮಾಡಿದೆ. ಏಜೆಂಟನ್ನು ಮತ್ತೆ ಎಬ್ಬಿಸಿದೆ. ಈ ಸಲ ಬೀಳಲಿಲ್ಲ. ಪಟ್ಟಿ ಹಸಿರಾಯಿತು. “ಬಂತ್ರಿ!” ಎಂದು ಕೂಗಿದೆ. ಸಾಹೇಬರು ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತರು.

ನಿಜವಾದ ದಾನಿಗಳ ಕಿಟಕಿ ತೆರೆದು ಹುಡುಕಾಟ ಓಡಿಸಿದೆ. ಓ ಎಂದು ಬಂದ ಚೀಲ, ಯಾವ ರೋಗಿಗೂ ಹೊಂದದ್ದು, ಚೆಲ್ಲಿದ್ದು, ಕೊಟ್ಟವರು ಇನ್ನೂ ಚಾಲ್ತಿಯಲ್ಲಿರುವುದು. ಹಳೆಯ ಸರ್ವರು ಗುರ್ ಎನ್ನುತ್ತ ಯೋಚಿಸಿತು. ಒಂದು ಸಾಲು ಬಂತು. ಒಂದೇ ಒಂದು. ಆದರೂ ಬಂತಲ್ಲ! ಒಬ್ಬರು ಸಾಕಿತ್ತು ನನಗೆ. ಕಣ್ಣಲ್ಲಿ ನೀರು ತುಂಬಿ ನಂಬರು ಮಂಜಾಯಿತು, ಒರೆಸಿಕೊಂಡು ಗಟ್ಟಿಯಾಗಿ ಓದಿದೆ.

ಸಾಹೇಬರು ಸರ್ವರಿನ ಪರದೆಯ ಮುಂದೆ ಕೂತರು. “ಆ ಕಡೆ ಮುಖ ಮಾಡ್ರಿ.” ನಾನು ಗೋಡೆಯ ಕಡೆ ತಿರುಗಿ ನಿಂತೆ. ಅವರು ನಂಬರು ಒತ್ತಿ, ತಮ್ಮಷ್ಟಕ್ಕೇ ಓದಿಕೊಂಡರು. “ಹೆಣ್ಣುಮಗಳು. ಫೋನ್ ನಂಬರ್ ಗುಲಬರ್ಗಾ ಕಡೀದು ಅದ. ನಮ್ಮವರೇ ಇದ್ದಂಗ ಅದಾರ, ತಡೀರಿ.” ದನಿಯಲ್ಲಿ ಖುಷಿಯಿತ್ತು. ನಾನು ಗೋಡೆಗೇ ನಕ್ಕೆ.

ಫೋನು ಹಚ್ಚಿದರು. ಅವರ ಮಾತು ಮಾತ್ರ ನನಗೆ ಕೇಳುತ್ತಿತ್ತು.

“ಹಲೋ, ನಮಸ್ಕಾರ್ರಿ. ಮನೀ ಏನ್ರಿ ಇದು? ... ಅಂಗಡೀನಾ? ಕಿರಾಣಿ ಅಂಗಡಿ. ಹೂಂ. ನಾವು ಔರಂಗಾಬಾದ್‌ದಿಂದ ಮಾತಾಡ್ಲಾಕತ್ತೀವ್ರಿ, ಬ್ಲಡ್ ಬ್ಯಾಂಕಿನಿಂದ. ನಿಮ್ಮ ಮನ್ಯಾಗ ಒಬ್ರು ಹೆಣ್ಣುಮಕ್ಕಳು, ಹಿಂದ ಇಲ್ಲಿ ಕಲೀಲಾಕ ಇದ್ರಂತ... ನಿಮ್ಮ ತಂಗೀನಾ? ಬಾಳ ಛಲೋ ಆತ್ರಿ. ಅವರ ಜೋಡಿ ಸ್ವಲ್ಪ ಅರ್ಜೆಂಟ್ ಮಾತಾಡಬೇಕಿತ್ತು. ಈಗ ಎಲ್ಲಿ ಅದಾರ?”

ಆಮೇಲೆ ಬಹಳ ಹೊತ್ತು ಆ ಕಡೆಯವರೇ ಮಾತಾಡುತ್ತಿದ್ದರು. ನಾನು ತಿರುಗಲಿಲ್ಲ. ಕೊನೆಗೆ ಸಾಹೇಬರು, “ಹೂಂರಿ. ಇಲ್ರಿ, ಬ್ಯಾರೆ ಏನಿಲ್ರಿ. ನೀವು ಅಳಬ್ಯಾಡ್ರಿ,” ಎಂದು ಫೋನು ಇಟ್ಟದ್ದು ಕೇಳಿಸಿತು.

“ನಿಮ್ಮ ಅಕ್ಕ ಯಾವ ಊರವರು ಅಂದ್ರಿ?”

“ಆಳಂದ್ರಿ.”

“ಹೊಳ್ಳಿ ಕೂಡ್ರಿ,” ಎಂದರು. “ಇನ್ನ ನೋಡಿದ್ರೂ ನಡೀತದ.”

ಪರದೆಯ ಮೇಲೆ ಅಕ್ಕನ ಮದುವೆಗೆ ಮುಂಚಿನ ಹೆಸರಿತ್ತು. ವಯಸ್ಸು, ನರ್ಸಿಂಗ್ ವಿದ್ಯಾರ್ಥಿನಿ, ಆಳಂದದ ವಿಳಾಸ, ಅಣ್ಣನ ಅಂಗಡಿಯ ಫೋನು. ಚಾಲ್ತಿ. ಅಣ್ಣ ಫೋನಿನಲ್ಲಿ ಹೇಳಿದ್ದನಂತೆ. ನನ್ನ ತಂಗಿ ನಾಸಿಕ್‌ನಲ್ಲಿ ಮಲಗಿದ್ದಾಳೆ, ಅವಳಿಗೇ ರಕ್ತ ಬೇಕಾಗಿದೆ, ನಿಮ್ಮ ಹತ್ತಿರ ಇದೆಯೇನ್ರಿ ಎಂದು.

ಇಷ್ಟೆಲ್ಲ ಮಾಡಿ, ಎರಡೂರಿನ ಡೇಟಾಬೇಸ್ ಕೂಡಿಸಿ, ದೇವರ ಮುಂದಿನ ಯಂತ್ರ ಎತ್ತಿ ತಂದು, ಅಕ್ಕನಿಗಾಗಿ ಹುಡುಕಿದರೆ ಸಿಕ್ಕಿದ್ದು ಅಕ್ಕನೇ. ನಾನು ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಮಕ್ಕಳಂತೆ ಅತ್ತೆ. ಚಹಾ ಮಾಡುವವರು ಮನೆಗೆ ಹೋಗಿದ್ದರು, ಸಾಹೇಬರು ತಾವೇ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟರು.

ದಸರೆಯ ದಿನ ಆಪರೇಶನ್ನಿಗೆ ಮುಂಚೆ ಅಕ್ಕನನ್ನು ನೋಡಲು ಬಿಟ್ಟರು. ಮುಖ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ಕಂಡ ಕೂಡಲೇ ಕೇಳಿದಳು. “ಸಿಕ್ತೇನೋ?”

ಸುಳ್ಳು ಹೇಳಬೇಕೆಂದುಕೊಂಡೇ ಬಂದಿದ್ದೆ. ಆಗಲಿಲ್ಲ.

“ಒಬ್ಬರು ಸಿಕ್ಕಾರ ಅಕ್ಕ. ಅದು ನೀನೇ.”

ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕಣ್ಣು ಅಗಲ ಮಾಡಿ ನನ್ನನ್ನೇ ನೋಡಿದಳು. ಆಮೇಲೆ, ದೇವರೇ, ನಕ್ಕಳು. ನಗಲು ಆಗದೆ ಕೆಮ್ಮುತ್ತ ನಕ್ಕಳು. “ನಾ ಈ ದವಾಖಾನಿಗಿ ಬರೂಕಿಂತ ಮೊದಲ ನನ್ನ ರಕ್ತ ಬಂದು ಹೋಗ್ಯಾದಲ್ಲೋ! ಮತ್ತ ಚೆಲ್ಲಿದ್ರೇನು ಅದನ್ನ?”

“ಹೂಂ ಅಕ್ಕ. ಯಾರಿಗೂ ಹೊಂದಲಿಲ್ಲ.”

“ಯಾರಿಗೂ ಹತ್ತಲಿಲ್ಲೇನು,” ಎಂದಳು. ಆಗ ನಗು ನಿಂತಿತು. “ಯಾರಿಗರೆ ಹತ್ತಿರಬೇಕು ಅಂತ ಅಂದ್ಕೊಂಡಿದ್ದೆ ನೋಡು ಇಷ್ಟು ವರ್ಷ.”

ದಿಂಬಿನ ಪಕ್ಕ ಯಾರೋ ತಂದಿಟ್ಟ, ಮರಾಠಿಯವರು ದಸರೆಗೆ ಹಂಚುವ ಸೋನದ ಎಲೆಗಳಿದ್ದವು. ಒಂದು ಎತ್ತಿ ನನ್ನ ಕೈಗಿಟ್ಟಳು. ಊರಲ್ಲಿ ಬನ್ನಿ ಕೊಟ್ಟು ಹೇಳುವಂತೆಯೇ ಹೇಳಿದಳು. “ತೊಗೋ ತಮ್ಮಾ. ಬಂಗಾರದಂಗ ಇರೂಣು.” ನಾನು ಅವಳ ಕಾಲು ಮುಟ್ಟಿದೆ. ತಣ್ಣಗಿದ್ದವು.

ದೊಡ್ಡ ಡಾಕ್ಟರು ತಮ್ಮ ಕೈಲಾದಷ್ಟೂ ಮಾಡಿದರು. ಗಡ್ಡೆ ತೆಗೆದರು, ರಕ್ತ ಹೋಗುವುದನ್ನು ನಿಲ್ಲಿಸಿದರು. ಆದರೆ ಒಳಗೆ ಉಳಿದಿದ್ದ ರಕ್ತ ಆಕೆಯ ಹೃದಯಕ್ಕೆ ಸಾಲಲಿಲ್ಲ. ದಸರೆಯ ಮರುದಿನ ಮಧ್ಯಾಹ್ನ ಅಕ್ಕ ಹೋದಳು. ಪಂಚವಟಿಯ ಘಾಟಿನಲ್ಲಿ ಅಂತ್ಯಕ್ರಿಯೆ ಮುಗಿಸಿ ಮರಳಿ ಬಂದವನಿಗೆ ಮನೆಗೆ ಹೋಗುವ ಮನಸ್ಸಾಗಲಿಲ್ಲ. ಆಸ್ಪತ್ರೆಗೇ ಬಂದು ವಾರ್ಡಿನ ಬಾಗಿಲಲ್ಲಿ ನಿಂತೆ. ಕಿಟಕಿ ಬದಿಯ ಮಂಚಕ್ಕೆ ಹೊಸ ಚಾದರ ಹಾಸಿದ್ದರು. ಮೂಲೆ ಸರಿಯಾಗಿ ಮಡಚಿತ್ತು.

ಆ ಕೊಂಡಿಯನ್ನು ಕಿತ್ತು ಬಿಸಾಡಬೇಕು ಎಂದು ನನಗೆ ಅನಿಸಿದ್ದುಂಟು. ಡಾಕ್ಟರಮ್ಮ ಬಿಡಲಿಲ್ಲ. ಹೊಸ ಚೀಲಗಳು ಬರುತ್ತಲೇ ಇರುತ್ತವೆ, ಇವತ್ತಿಲ್ಲದವರು ನಾಳೆ ಬರಬಹುದು, ದಿನಾ ಬೆಳಿಗ್ಗೆ ಹುಡುಕಾಟ ಓಡಲಿ ಎಂದರು. ಸಣ್ಣ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿದೆ. ವಿದ್ಯುತ್ ಹೋಗಿ ಬಂದರೆ ಏಜೆಂಟ್ ತಾನೇ ಏಳುವಂತೆ ಮಾಡಿದೆ. ದಿನಾ ಬೆಳಿಗ್ಗೆ ಪರದೆಯ ಮೇಲೆ ಅದೇ ಒಂದು ಸಾಲು ಬರುತ್ತಿತ್ತು. ಚೀಲದ ನಂಬರು, ಓ, ಚಾಲ್ತಿ. ನಾನು ಅದನ್ನು ನೋಡಿ ಚಹಾಕ್ಕೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಸಾಲು ಬರಲಿ ಎಂದೇ ಬೇಗ ಬರುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಸಾಹೇಬರ ಫೋನು ಬಂತು. ಊರು, ಮನೆ ಎಂದು ಸುತ್ತು ಬಳಸಿ ಮಾತಾಡಿ, ಕಡೆಗೆ ವಿಷಯಕ್ಕೆ ಬಂದರು.

“ಒಂದು ಎಂಟ್ರಿ ಬಾಕಿ ಉಳದದ್ರಿ. ತೀರಿಕೊಂಡವರದು ಚಾಲ್ತಿ ತೆಗೀಬೇಕು. ದಿನಾ ಕೂತ್ಕೋತೀನಿ, ಕೈ ಏಳವಲ್ದು. ನೀವು ಅವರ ಮನೀ ಮನಷ್ಯಾ ಇದ್ದಂಗ. ನೀವೇ ಅಲ್ಲಿಂದ ಮಾಡ್ತೀರೇನು?”

“ನನಗ ಬರಂಗಿಲ್ರಿ ಸಾಹೇಬ್ರ,” ಎಂದೆ. “ಬರಿಯೂ ಹಕ್ಕು ಇಲ್ಲ ನನಗ. ನೋಡೂದಷ್ಟೇ.”

“ಹೌದಲ್ಲ,” ಎಂದರು. “ನಾನೇ ಕೇಳಿ ಖಾತ್ರಿ ಮಾಡ್ಕೊಂಡಿದ್ದೆ.” “ಹಂಗಾದ್ರ ನಾನೇ ಮಾಡಬೇಕು,” ಎಂದು ಫೋನು ಇಟ್ಟರು.

ಮರುದಿನ ಬೆಳಿಗ್ಗೆ ಬೇಗ ಬಂದು ಹುಡುಕಾಟ ಓಡಿಸಿದೆ. ಪರದೆ ಖಾಲಿ ಬಂತು. ಮೇಲೆ ನೋಡಿದೆ. ಔರಂಗಾಬಾದಿನ ಲೈನು ಕಡಿದಿರಲಿ, ಕರೆಂಟು ಹೋಗಿರಲಿ, ಬ್ಯಾಟರಿ ಮತ್ತೆ ಸತ್ತಿರಲಿ ಎಂದು ಬೇಡಿಕೊಳ್ಳುತ್ತ ನೋಡಿದೆ. ಪಟ್ಟಿ ಹಸಿರಾಗಿತ್ತು.